ದಟ್ಟಗಳ್ಳಿ ಕಾಫಿ ಹುಡುಕಾಟ, ಒಂಬತ್ತನೇ ವಾರ: ಆರನೇ ಅಂಗಡಿಯ ಗುಟ್ಟು

ಸಿಕ್ಕಿತು! ಒಂದು ದಿನ ಅಮೃತ, ಮಾರನೇ ದಿನ ಸಪ್ಪೆ ಕಾಫಿ ಕೊಡುತ್ತಾ ಮೂರು ವಾರದಿಂದ ತಲೆ ತಿನ್ನುತ್ತಿದ್ದ ಆರನೇ ಅಂಗಡಿಯ ಗುಟ್ಟು ಮೊನ್ನೆ ಗುರುವಾರ ಬೆಳಿಗ್ಗೆ ಬಯಲಾಯಿತು. ಮನೆಯಲ್ಲಿ ಎರಡು ದಿನ ಪರೀಕ್ಷೆ ಮಾಡಿ, ಖಾತ್ರಿ ಮಾಡಿಕೊಂಡೇ ಬರೆಯಲು ಕೂತಿದ್ದೇನೆ.

ಒಳ್ಳೆ ಫಿಲ್ಟರ್ ಕಾಫಿ ಹುಡುಕುತ್ತಾ, ಮೈಸೂರಿನ ದಟ್ಟಗಳ್ಳಿ, ಬೋಗಾದಿ, ರಾಮಕೃಷ್ಣನಗರ ಸೇರಿ ಇಲ್ಲಿಯವರೆಗೆ 14 ಅಂಗಡಿ ಆಗಿವೆ. ನಿಯಮ ಹಳೆಯದೇ. ಊರೂರಲ್ಲಿ ಶಾಖೆ ಇರುವ ಕೆಫೆ ಬೇಡ, ಗಲ್ಲಾದಲ್ಲಿ ಮನೆಯವರೇ ಕೂತಿರಬೇಕು, ಡಿಕಾಕ್ಷನ್ ಅಲ್ಲೇ ಇಳಿಸಬೇಕು. ಒಂದೊಂದಕ್ಕೂ ಕನಿಷ್ಠ ಮೂರು ಸಲ ಭೇಟಿ, ಮೊದಲ ಸಲ ಸಕ್ಕರೆ ಇಲ್ಲದೆ. ಐದಕ್ಕೆ ಟಿಕ್ ಬಿದ್ದಿದೆ, ಆರು ಅಂಗಡಿ ಬೇಡ ಅಂತ ಹೊಡೆದು ಹಾಕಿದ್ದೆ, ಮೂರು ಬಾಕಿ. ಪೂರ್ತಿ ಪಟ್ಟಿ ಮುಂದಿನ ಸಲ ಕೊಡುತ್ತೇನೆ. ಇವತ್ತು ಆರನೇ ಅಂಗಡಿ ಮಾತ್ರ.

ಕ್ರಾಸ್ ರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ ಇರುವ ಪುಟ್ಟ ಅಂಗಡಿ. ಗಂಡ ಹೆಂಡತಿ ಇಬ್ಬರೇ. ಪೀಬೆರಿ (ಹಣ್ಣಿಗೆ ಒಂದೇ ದುಂಡು ಬೀಜ ಇರುವ) ಅರೇಬಿಕಾ ಕಾಫಿ, ಜೊತೆಗೆ ಶೇ. 15 ಚಿಕೋರಿ, ಅಂದರೆ ಹುರಿದ ಬೇರಿನ ಪುಡಿ. ಮೊದಲ ದಿನ ಕುಡಿದಾಗ ನಿಂತಲ್ಲೇ ನಿಂತುಬಿಟ್ಟೆ. ನಾಲಿಗೆಯ ಅಂಚಿನಲ್ಲಿ ಕಿತ್ತಳೆ ಸಿಪ್ಪೆ ಹಿಂಡಿದಂಥ ಸಣ್ಣ ಹುಳಿ, ಹಿಂದೆಯೇ ಹದವಾದ ಕಹಿ, ಕೊನೆಗೆ ಹಾಲಿನ ಸಿಹಿ. ಮಾರನೇ ದಿನ ಹೋದರೆ ಬರೀ ಸಪ್ಪೆ. ಹುಳಿ ಮಾಯ. ನಾಲಿಗೆ ಮೇಲೆ ಸೀಮೆಸುಣ್ಣದ ಪುಡಿ ಕೂತ ಹಾಗೆ. ಅದೇ ಲೋಟ, ಅದೇ ಕೈ, ಅದೇ ಪುಡಿ. ಮೂರನೇ ದಿನ ಮತ್ತೆ ಅಮೃತ.

ಮೊದಲು ಹಾಲಿನ ಮೇಲೆ ಅನುಮಾನ ಬಂತು. ದಿನವೂ ಅದೇ ಪ್ಯಾಕೆಟ್, ಒಂದೇ ಸಲ ಕಾಯಿಸುವುದು. ಹಾಲು ತಪ್ಪಿಸಿಕೊಂಡಿತು. ಬಿಸಿ ಸಾಲದೇನೋ ಅಂತ ಥರ್ಮಾಮೀಟರ್ ಹಿಡಿದೆ. ನಮ್ಮೂರಿನ ಎತ್ತರಕ್ಕೆ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಎರಡೂ ದಿನ ಅಷ್ಟೇ ಇತ್ತು. ಉಳಿದದ್ದು ಪುಡಿ.

ಪುಡಿಯ ವಿಷಯದಲ್ಲಿ ಒಂದು ವಾರ ಹಾಳಾಯಿತು, ಅದಕ್ಕೆ ಕಾರಣ ನಾನು ಮಾಮೂಲಾಗಿ ಪುಡಿ ತರುವ ಅಂಗಡಿ. ಮನೆಯಲ್ಲಿ ಹೋಲಿಸಿ ನೋಡೋಣ ಅಂತ 85:15 ಕೇಳಿದೆ. ಕೊಟ್ಟ ಪೊಟ್ಟಣದ ಬಣ್ಣ ನೋಡಿದಾಗಲೇ ಅನುಮಾನ. ತಣ್ಣೀರಿನ ಲೋಟಕ್ಕೆ ಒಂದು ಚಿಟಿಕೆ ಉದುರಿಸಿದೆ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ತಳ ಸೇರುತ್ತದೆ, ಗೊತ್ತಲ್ವಾ. ಲೋಟದ ತುಂಬಾ ಗೆರೆ! ಹೋಗಿ ಕೇಳಿದರೆ, "ಎಲ್ಲಾ ಒಂದೇ ಸಾರ್, ಕುಡಿದ್ರೆ ಗೊತ್ತಾಗಲ್ಲ" ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ಸೀಲ್ ಆದ ಪೊಟ್ಟಣದ ಮೇಲೆ ಚಿಕೋರಿ ಪಾಲು ಎಷ್ಟು ಅಂತ ಬರೆಯಬೇಕು, ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು ಅನ್ನುವ ನಿಯಮವೇ ಇದೆ. ಕಣ್ಣೆದುರು ಬೀಸಿ ಕೊಡುವವರು ಕೇಳಿದ ಅಳತೆ ಕೊಟ್ಟರೆ ಸಾಕಲ್ವಾ?

ಕೊನೆಗೆ ಆರನೇ ಅಂಗಡಿಯ ಅಕ್ಕನ ಹತ್ತಿರವೇ ನೂರು ಗ್ರಾಂ ಪುಡಿ ಕೇಳಿ ತಂದೆ. ಮನೆಯಲ್ಲಿ ಇಳಿಸಿದರೆ ಪ್ರತಿ ದಿನವೂ ಸಪ್ಪೆ. ಒಂದು ದಿನವೂ ಆ ಹುಳಿ ಬರಲಿಲ್ಲ. ಇದು ಇನ್ನೂ ತಲೆ ಕೆಡಿಸಿತು.

ಗುರುವಾರ ಮತ್ತೆ ಹೋದೆ. ಸಪ್ಪೆ ದಿನ. ಮುಖ ನೋಡಿಯೇ ಅಕ್ಕನಿಗೆ ಗೊತ್ತಾಯಿತು. "ಇವತ್ತು ನಲ್ಲಿ ನೀರು ಬಂದಿಲ್ಲ ಸಾರ್. ಬೋರ್ ನೀರಲ್ಲೇ ಇಳಿಸಿದ್ದು. ಬೇಳೆನೇ ಬೇಯಲ್ಲ ಆ ನೀರಲ್ಲಿ, ಕಾಫಿ ಎಲ್ಲಿ ರುಚಿ ಬರುತ್ತೆ?"

ಬೇಳೆ! ನಮ್ಮಮ್ಮ ಇದೇ ಮಾತನ್ನು ಎಷ್ಟು ಸಲ ಹೇಳಿದ್ದಾರೆ. ಅಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ. ನಮ್ಮ ಬಿಲ್ಡಿಂಗಿನಲ್ಲಿ ಯಾವಾಗಲೂ ಬೋರ್. ನನ್ನ ನೋಟ್‌ಬುಕ್ಕಿನ ತಾರೀಕುಗಳೆಲ್ಲ ಒಂದೊಂದಾಗಿ ತಾಳೆಯಾದವು.

ಎರಡೂ ನೀರು ಬಾಟಲಿಯಲ್ಲಿ ತುಂಬಿಕೊಂಡು ಬಂದೆ. ಟಿಡಿಎಸ್ ಮೀಟರ್ ಇದ್ದರೂ ಅದು ಕರಗಿದ್ದನ್ನೆಲ್ಲ ಒಟ್ಟಿಗೆ ಎಣಿಸುತ್ತದೆ, ನಮಗೆ ಬೇಕಾದ ಬೈಕಾರ್ಬನೇಟನ್ನು (ಅಡುಗೆ ಸೋಡಾದಲ್ಲಿ ಇರುವಂಥದ್ದು) ಬಿಡಿಸಿ ಹೇಳುವುದಿಲ್ಲ. ಅದನ್ನು ಅಳೆಯಲು ಅಕ್ವೇರಿಯಂ ಇಟ್ಟವರು ಬಳಸುವ ಕೆಎಚ್ ಕಿಟ್ ಬೇಕು. ಹಿಂದೆ ಆನ್‌ಲೈನಿನಲ್ಲಿ ತರಿಸಿದ್ದು ಹನ್ನೊಂದು ದಿನ ತಡವಾಗಿ ಬಂದು, ಮುಚ್ಚಳ ಸಡಿಲವಾಗಿ ಅರ್ಧ ಸೋರಿಹೋಗಿತ್ತು. ಈ ಸಲ ಮೀನಿನ ಅಂಗಡಿಗೇ ಹೋಗಿ ತಂದೆ. 5 ಮಿಲಿಲೀಟರ್ ನೀರಿಗೆ ಒಂದೊಂದೇ ಹನಿ ಬಿಟ್ಟು ಅಲುಗಾಡಿಸಬೇಕು. ಮೊದಲು ನೀಲಿ. ನೀಲಿ ಹಳದಿಗೆ ತಿರುಗಿದಾಗ ಹನಿ ಎಣಿಸಬೇಕು. ಹನಿ ಹೆಚ್ಚಾದಷ್ಟೂ ಬೈಕಾರ್ಬನೇಟ್ ಹೆಚ್ಚು; ಒಂದು ಹನಿ ಎಂದರೆ ಕ್ಯಾಲ್ಷಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 18 ಮಿಲಿಗ್ರಾಂ.

ನಲ್ಲಿ ನೀರು ಐದನೇ ಹನಿಗೆ ಹಳದಿಯಾಯಿತು. ಬೋರ್ ನೀರಿಗೆ ಹತ್ತು ಹನಿ ಬಿಟ್ಟೆ, ನೀಲಿ. ಹದಿನೈದು, ಇನ್ನೂ ನೀಲಿ. ಹತ್ತೊಂಬತ್ತನೇ ಹನಿಗೆ ತಿರುಗಿತು. ಅಡುಗೆಮನೆಯಲ್ಲಿ ಒಬ್ಬನೇ ಕೂಗಿಬಿಟ್ಟೆ.

ಆಗುತ್ತಿರುವುದು ಇಷ್ಟೇ. ಬೋರ್ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ. ಅದು ಕಾಫಿಯ ಹುಳಿಯನ್ನು ಸಾಯಿಸುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದೂ ಇದೇ ಕಾರಣಕ್ಕೆ. ಅರೇಬಿಕಾದ ಸೊಗಸೆಲ್ಲ ಆ ಹುಳಿಯಲ್ಲೇ ಇರುವುದರಿಂದ ಏಟು ಅದಕ್ಕೇ ಜೋರು. ಇನ್ನೊಂದು ಜಾತಿಯ ಕಾಫಿ ರೊಬಸ್ಟಾಗೆ, ಚಿಕೋರಿಗೆ ಅಷ್ಟು ತಟ್ಟುವುದಿಲ್ಲ.

ಶುಕ್ರವಾರ ಎರಡು ಫಿಲ್ಟರ್ ಪಕ್ಕಪಕ್ಕದಲ್ಲಿಟ್ಟೆ. ಎರಡಕ್ಕೂ 30 ಗ್ರಾಂ ಪುಡಿ, 150 ಮಿಲಿಲೀಟರ್ ನೀರು. ಹೆಂಡತಿಗೆ ಯಾವುದು ಯಾವುದು ಅಂತ ಹೇಳದೆ ಕೊಟ್ಟೆ. ಒಂದೇ ಗುಟುಕಿಗೆ ನಲ್ಲಿ ನೀರಿನ ಲೋಟ ಎತ್ತಿಕೊಂಡು ಹೋದಳು, ವಾಪಸ್ ಕೊಡಲಿಲ್ಲ. ಬರೀ ಆರ್‌ಓ ನೀರಿನಲ್ಲೂ ನೋಡಿದೆ. ಒಂದೇ ಹನಿಗೆ ಹಳದಿ, ಕಾಫಿ ಚುರ್ರೆನ್ನುವಷ್ಟು ಹುಳಿ. ಮೂರು ಲೋಟ ಆರ್‌ಓಗೆ ಒಂದು ಲೋಟ ಬೋರ್ ಬೆರೆಸಿದರೆ ಐದಾರು ಹನಿಗೆ ಬಂದು ನಿಲ್ಲುತ್ತದೆ, ರುಚಿಯೂ ಸರಿಹೋಗುತ್ತದೆ. ನಲ್ಲಿ ನೀರು ಬಾರದ ಬಡಾವಣೆಯವರು ಇದನ್ನು ಮಾಡಿ ನೋಡಿ.

ಹುಳಿ ಅಂದಾಗ ನೆನಪಾಯಿತು, ಮುಂದಿನ ಕೆಲಸ ಬೆಲ್ಲದ ಕಾಫಿ. ಮಂಡ್ಯ ಕಡೆ ಆಲೆಮನೆಯಿಂದಲೇ ಬೆಲ್ಲ ತರಬೇಕು ಅಂತಿದ್ದೇನೆ. ಕೆಲವು ಬೆಲ್ಲಕ್ಕೆ ಬಿಸಿ ಹಾಲು ಒಡೆದುಹೋಗುತ್ತದೆ, ಕೆಲವಕ್ಕೆ ಏನೂ ಆಗುವುದಿಲ್ಲ. ಹಳೇ ಬೆಲ್ಲ, ಹೊಸ ಬೆಲ್ಲ, ಅಚ್ಚು, ಉಂಡೆ, ಎಲ್ಲ ತಂದು ಇದೇ ಥರ ಸಾಲಾಗಿ ನೋಡಬೇಕು. ಹಿತ್ತಾಳೆ ಫಿಲ್ಟರಿಗೆ ಕಲಾಯಿ ಹಾಕಿಸುವುದೂ ಬಾಕಿ ಇದೆ.

ಇವತ್ತು ಬೆಳಿಗ್ಗೆ ಅಕ್ಕನ ಅಂಗಡಿಗೆ ಕಿಟ್ ತೆಗೆದುಕೊಂಡು ಹೋಗಿ ಇಬ್ಬರಿಗೂ ತೋರಿಸಿದೆ. ಹನಿ ಎಣಿಸಿದ್ದು ಅವರ ಯಜಮಾನರು. ಲೆಕ್ಕ ಹಾಕಿದರೆ ಡಿಕಾಕ್ಷನ್‌ಗೆ ದಿನಕ್ಕೆ ಹತ್ತು ಲೀಟರ್ ಸಾಕು, ಲೋಟ ತೊಳೆಯಲು ಬೋರ್ ನೀರೇ ಆಗುತ್ತದೆ. ನಲ್ಲಿ ಬಂದ ದಿನ 20 ಲೀಟರಿನ ಕ್ಯಾನ್ ತುಂಬಿಟ್ಟುಕೊಂಡರೆ ಎರಡು ದಿನಕ್ಕೆ ಆಯಿತು. ಅಕ್ಕ ಆಗಲೇ ಒಂದು ಕ್ಯಾನ್ ಹೊರಗೆ ತೆಗೆದು, ಮಾರ್ಕರಿನಲ್ಲಿ ದಪ್ಪಗೆ "ಕಾಫಿಗೆ ಮಾತ್ರ" ಅಂತ ಬರೆದರು. ಆರನೇ ಅಂಗಡಿಗೆ ಟಿಕ್ ಹಾಕಿದೆ.

ಈಗ ನನ್ನನ್ನು ಕಾಡುತ್ತಿರುವುದು ಹೊಡೆದು ಹಾಕಿದ ಆ ಆರು ಅಂಗಡಿಗಳು. ಅವುಗಳಲ್ಲಿ ನಾಲ್ಕು ಬೋರ್ ನೀರೇ ಗತಿ ಅನ್ನುವ ಕಡೆ ಇವೆ. ಮೂರು ಕಡೆ ಚಿಕೋರಿ ಜಾಸ್ತಿ ಅಂತ ನಾನೇ ಬರೆದುಕೊಂಡಿದ್ದೆ. ಆ ನೀರಿಗೆ ರುಚಿ ನಿಲ್ಲಲಿ ಅಂತಲೇ ಅವರು ಅಷ್ಟು ಹಾಕುತ್ತಿರಬಹುದಲ್ವಾ? ಪಟ್ಟಿಯಲ್ಲಿ ಅವುಗಳ ಮೇಲೆ ಹೊಡೆದಿದ್ದ ಗೆರೆಗಳನ್ನು ಅಳಿಸಿದ್ದೇನೆ. ನಾಳೆ ಭಾನುವಾರ, ಆರು ಖಾಲಿ ಬಾಟಲಿ ತೊಳೆದು ಬ್ಯಾಗಿಗೆ ಹಾಕಿದ್ದೇನೆ. ಮೊದಲು ಬೋಗಾದಿ ರಿಂಗ್ ರಸ್ತೆ ಪಕ್ಕದ ಹನ್ನೊಂದನೇ ಅಂಗಡಿ, ಬೆಳಿಗ್ಗೆ ಆರೂವರೆಗೆ.