ಅಕೌಂಟ್ ಪ್ರೈವೇಟ್ ಮಾಡಿದ ಮೇಲೆ ಉಳಿಯುವ ಕೆಲಸ

‘ಪ್ರೈವೇಟ್ ಅಕೌಂಟ್’ ಎಂಬ ಸ್ವಿಚ್ ಒತ್ತಲು ಅರ್ಧ ನಿಮಿಷ ಸಾಕು. ಒತ್ತಿಯಾಯಿತು, ಇನ್ನು ಯಾರಿಗೂ ಏನೂ ಕಾಣುವುದಿಲ್ಲ ಎಂದುಕೊಂಡು ಫೋನ್ ಪಕ್ಕಕ್ಕಿಡುವುದೇ ತೊಂದರೆಯ ಮೂಲ. ಆ ಸ್ವಿಚ್ ಮಾಡುವ ಕೆಲಸ ಮುಖ್ಯವಾಗಿ ಒಂದೇ: ಹೊಸದಾಗಿ ಬರುವ ಅಪರಿಚಿತರನ್ನು ಬಾಗಿಲಲ್ಲೇ ನಿಲ್ಲಿಸುವುದು. ಆಗಲೇ ಒಳಗೆ ಬಂದು ಕೂತವರನ್ನು ಅದು ಮುಟ್ಟುವುದಿಲ್ಲ. ನಿಮ್ಮ ಫೋಟೊವನ್ನು ಬೇರೆಯವರು ತಮ್ಮ ಅಕೌಂಟ್‌ನಲ್ಲಿ ಹಾಕಿದ್ದರೆ ಅದನ್ನೂ ಮುಟ್ಟುವುದಿಲ್ಲ. ಉಳಿದದ್ದನ್ನು ನಾವೇ ಕೂತು ಮಾಡಬೇಕು. ಒಂದು ಗಂಟೆ ಬಿಡುವು ಮಾಡಿಕೊಂಡರೆ ಹೆಚ್ಚುಕಡಿಮೆ ಎಲ್ಲವನ್ನೂ ಮುಗಿಸಬಹುದು.

ಇನ್‌ಸ್ಟಾಗ್ರಾಮ್‌ನಿಂದ ಶುರು ಮಾಡೋಣ. ಪ್ರೊಫೈಲ್ ತೆರೆದು, ಮೇಲೆ ಬಲಗಡೆಯ ಮೂರು ಗೆರೆ ಒತ್ತಿ, ‘ಅಕೌಂಟ್ ಪ್ರೈವಸಿ’ಗೆ ಹೋಗಿ ‘ಪ್ರೈವೇಟ್ ಅಕೌಂಟ್’ ಆನ್ ಮಾಡಿ. ನಿಮ್ಮದು ಬಿಸಿನೆಸ್ ಅಕೌಂಟ್ ಆಗಿದ್ದರೆ ಅದನ್ನು ಪ್ರೈವೇಟ್ ಮಾಡಲು ಬರುವುದಿಲ್ಲ. ಅದೇ ಮೆನುವಿನ ‘ಅಕೌಂಟ್ ಟೈಪ್ ಆ್ಯಂಡ್ ಟೂಲ್ಸ್’ನಲ್ಲಿ ಮೊದಲು ಪರ್ಸನಲ್ ಅಕೌಂಟ್‌ಗೆ ಬದಲಿಸಿಕೊಳ್ಳಬೇಕು. ಹಾಗೆ ಬದಲಿಸಿದಾಗ ಅದುವರೆಗಿನ ಇನ್‌ಸೈಟ್ಸ್ ಅಂಕಿಅಂಶ ಹೋಗಿಬಿಡುತ್ತದೆ, ಬೇಕಿದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ಈಗ ಫಾಲೋವರ್ಸ್ ಪಟ್ಟಿ. ಇಲ್ಲಿ ಕೆಲಸದ ಕ್ರಮ ಮುಖ್ಯ. ಅಕೌಂಟ್ ಪಬ್ಲಿಕ್ ಇರುವಾಗಲೇ ಒಬ್ಬರನ್ನು ತೆಗೆದರೆ ಅವರು ಮರುಕ್ಷಣವೇ ಮತ್ತೆ ಫಾಲೋ ಮಾಡಬಹುದು. ಪ್ರೈವೇಟ್ ಮಾಡಿದ ಮೇಲೆ ತೆಗೆದರೆ ಅವರು ರಿಕ್ವೆಸ್ಟ್ ಕಳಿಸಿ ನಿಮ್ಮ ಒಪ್ಪಿಗೆಗೆ ಕಾಯಲೇಬೇಕು. ಹಾಗಾಗಿ ಮೊದಲು ಬೀಗ, ಆಮೇಲೆ ಶುದ್ಧೀಕರಣ. ಫಾಲೋವರ್ಸ್ ಪಟ್ಟಿ ತೆರೆದು ಹೆಸರಿನ ಪಕ್ಕದ ‘ರಿಮೂವ್’ ಒತ್ತಿದರೆ ಸಾಕು, ಅವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಪೋಸ್ಟ್ ಒಂದೂ ಇಲ್ಲದ, ಮುಖ ಕಾಣದ, ಸಾವಿರಾರು ಜನರನ್ನು ಫಾಲೋ ಮಾಡುವ ಅಕೌಂಟ್‌ಗಳನ್ನು ತೆಗೆಯುವುದು ಸುಲಭ. ಕಷ್ಟವಾಗುವುದು ಹಳೇ ಪರಿಚಯದವರದ್ದು: ಎಂದೋ ಒಮ್ಮೆ ಕೆಲಸಕ್ಕೆಂದು ಸಂಪರ್ಕವಾದವರು, ಈಗ ಮಾತೇ ಇಲ್ಲದವರು. ಈ ಫೋಟೊವನ್ನು ಇವರಿಗೆ ನಾನಾಗಿಯೇ ಕಳಿಸುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲ ಎಂದಾದರೆ ತೆಗೆಯಿರಿ. ಸಂಕೋಚ ಬೇಡ.

ತೆಗೆದರೆ ಮನಸ್ತಾಪವಾಗುತ್ತದೆ ಎನ್ನುವವರ ವಿಷಯದಲ್ಲಿ ‘ರಿಸ್ಟ್ರಿಕ್ಟ್’ ಇದೆ. ರಿಸ್ಟ್ರಿಕ್ಟ್ ಮಾಡಿದವರು ಬರೆದ ಕಮೆಂಟ್, ನೀವು ಒಪ್ಪುವವರೆಗೆ, ಅವರಿಗೆ ಮಾತ್ರ ಕಾಣುತ್ತದೆ. ಅವರ ಮೆಸೇಜ್ ರಿಕ್ವೆಸ್ಟ್ ಪಟ್ಟಿಗೆ ಹೋಗುತ್ತದೆ, ನೀವು ಆನ್‌ಲೈನ್ ಇದ್ದೀರಾ, ಓದಿದಿರಾ ಎಂಬುದು ಅವರಿಗೆ ತಿಳಿಯುವುದಿಲ್ಲ. ಆದರೆ ಫಾಲೋವರ್ ಆಗಿದ್ದರೆ ಪೋಸ್ಟ್ ಮಾತ್ರ ಎಂದಿನಂತೆ ಕಾಣುತ್ತಲೇ ಇರುತ್ತದೆ. ಇದನ್ನು ಬ್ಲಾಕ್ ಎಂದುಕೊಂಡು ನೆಮ್ಮದಿಯಾಗಿರಬೇಡಿ. ಸ್ಟೋರಿ ಮಾತ್ರ ಕಾಣಬಾರದು ಎಂದಿದ್ದರೆ ಅದಕ್ಕೆ ‘ಹೈಡ್ ಸ್ಟೋರಿ’ ಬೇರೆಯೇ ಇದೆ. ಕೆಲವರಿಗೆ ಮಾತ್ರ ಕಾಣಬೇಕು ಎಂದಿದ್ದರೆ ‘ಕ್ಲೋಸ್ ಫ್ರೆಂಡ್ಸ್’. ನನ್ನ ಮಟ್ಟಿಗೆ, ಮಕ್ಕಳ ಫೋಟೊ ಹಾಕಲೇಬೇಕೆಂದಿದ್ದರೆ ಹತ್ತು ಹದಿನೈದು ಜನರ ಕ್ಲೋಸ್ ಫ್ರೆಂಡ್ಸ್ ಪಟ್ಟಿಯೇ ಸರಿಯಾದ ಜಾಗ.

ಪ್ರೈವೇಟ್ ಅಕೌಂಟ್‌ನಲ್ಲೂ ಪ್ರೊಫೈಲ್ ಫೋಟೊ, ಹೆಸರು, ಯೂಸರ್‌ನೇಮ್, ಬಯೋ, ಪೋಸ್ಟ್ ಮತ್ತು ಫಾಲೋವರ್‌ಗಳ ಸಂಖ್ಯೆ ಎಲ್ಲರಿಗೂ ಕಾಣುತ್ತವೆ. ಬಯೋದಲ್ಲಿ ಶಾಲೆ, ಕಚೇರಿ, ಹುಟ್ಟಿದ ದಿನ, ಫೋನ್ ನಂಬರ್ ಬರೆದಿಟ್ಟು ಅಕೌಂಟ್‌ಗೆ ಬೀಗ ಹಾಕಿದರೆ ಏನು ಉಪಯೋಗ? ಪಬ್ಲಿಕ್ ಅಕೌಂಟ್‌ಗಳ ಪೋಸ್ಟ್‌ಗೆ ನೀವು ಹಾಕುವ ಕಮೆಂಟ್ ಕೂಡ ಪಬ್ಲಿಕ್ಕೇ. ಒಬ್ಬರ ದಿನಚರಿಯನ್ನು ಅವರ ಕಮೆಂಟ್‌ಗಳಿಂದಲೇ ಊಹಿಸಬಹುದು.

ಟ್ಯಾಗ್ ಇನ್ನೊಂದು ದಾರಿ. ಬೇರೆಯವರು ತಮ್ಮ ಪಬ್ಲಿಕ್ ಅಕೌಂಟ್‌ನಲ್ಲಿ ನಿಮ್ಮ ಫೋಟೊ ಹಾಕಿ ಟ್ಯಾಗ್ ಮಾಡಿದರೆ ಅದು ಊರಿಗೆಲ್ಲ ಕಾಣುತ್ತದೆ, ಏಕೆಂದರೆ ಪೋಸ್ಟ್ ಅವರದು. ‘ಟ್ಯಾಗ್ಸ್ ಆ್ಯಂಡ್ ಮೆನ್ಶನ್ಸ್’ಗೆ ಹೋಗಿ ಟ್ಯಾಗ್ ಮಾಡುವ ಅವಕಾಶವನ್ನು ನೀವು ಫಾಲೋ ಮಾಡುವವರಿಗೆ ಸೀಮಿತಗೊಳಿಸಿ, ಟ್ಯಾಗ್‌ಗಳನ್ನು ಕೈಯಾರೆ ಒಪ್ಪುವ ಆಯ್ಕೆಯನ್ನೂ ಆನ್ ಮಾಡಿ. ಇದರಿಂದ ನಿಮ್ಮ ಹೆಸರಿನ ಕೊಂಡಿ ಕಡಿಯುತ್ತದೆ, ಫೋಟೊ ಹೋಗುವುದಿಲ್ಲ. ಫೋಟೊ ಹೋಗಬೇಕೆಂದರೆ ಹಾಕಿದವರನ್ನೇ ಕೇಳಬೇಕು. ಇನ್ನು ಅಪರಿಚಿತರ ಮೆಸೇಜ್. ಪ್ರೈವೇಟ್ ಮಾಡಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಮೆಸೇಜ್ ಸೆಟ್ಟಿಂಗ್‌ನಲ್ಲಿ ಹೊರಗಿನವರ ರಿಕ್ವೆಸ್ಟ್ ಬೇಡ ಎಂದು ಬೇರೆಯಾಗಿ ಹೇಳಬೇಕು.

ಥ್ರೆಡ್ಸ್ ಬಳಸುವವರು ಗಮನಿಸಿ: ಇನ್‌ಸ್ಟಾಗ್ರಾಮ್ ಪ್ರೈವೇಟ್ ಆದ ಮಾತ್ರಕ್ಕೆ ಥ್ರೆಡ್ಸ್ ಪ್ರೈವೇಟ್ ಆಗುವುದಿಲ್ಲ. ಅದರ ಸ್ವಿಚ್ ಬೇರೆ. ಒಂದೇ ಪೋಸ್ಟ್ ತಾನಾಗಿ ಫೇಸ್‌ಬುಕ್‌ಗೂ ಹೋಗುವಂತೆ ಜೋಡಿಸಿದ್ದರೆ, ಅಲ್ಲಿ ಅದು ಯಾರಿಗೆ ಕಾಣಬೇಕೆಂದು ತೀರ್ಮಾನಿಸುವುದು ಫೇಸ್‌ಬುಕ್‌ನ ಸೆಟ್ಟಿಂಗ್. ಬೀಗದ ಎಡವಟ್ಟುಗಳಲ್ಲಿ ಇದು ತುಂಬ ಸಾಮಾನ್ಯವಾದದ್ದು.

ಫೇಸ್‌ಬುಕ್‌ನ ಲೆಕ್ಕಾಚಾರವೇ ಬೇರೆ. ಅಲ್ಲಿ ಪ್ರತಿ ಪೋಸ್ಟ್‌ಗೂ ತನ್ನದೇ ಆಡಿಯನ್ಸ್: ಪಬ್ಲಿಕ್, ಫ್ರೆಂಡ್ಸ್, ಕೆಲವರನ್ನು ಬಿಟ್ಟು ಫ್ರೆಂಡ್ಸ್, ಓನ್ಲಿ ಮಿ. ಕೆಲವು ದೇಶಗಳಲ್ಲಿ, ಫ್ರೆಂಡ್ಸ್ ಅಲ್ಲದವರಿಗೆ ಪ್ರೊಫೈಲ್ ಮುಚ್ಚುವ ‘ಲಾಕ್ ಪ್ರೊಫೈಲ್’ ಇದೆ. ಪ್ರೊಫೈಲ್‌ನ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ಸಿಕ್ಕರೆ ಅದನ್ನೇ ಮಾಡಿ. ಸಿಗದವರು ಸೆಟ್ಟಿಂಗ್ಸ್‌ನ ‘ಪೋಸ್ಟ್ಸ್’ ವಿಭಾಗದಲ್ಲಿ ಹಳೇ ಪೋಸ್ಟ್‌ಗಳನ್ನು ಸೀಮಿತಗೊಳಿಸುವ ಆಯ್ಕೆ ಹುಡುಕಿ. ವರ್ಷಗಟ್ಟಲೆ ಹಿಂದೆ ಪಬ್ಲಿಕ್ ಆಗಿ ಹಾಕಿದ್ದೆಲ್ಲ ಒಂದೇ ಏಟಿಗೆ ಫ್ರೆಂಡ್ಸ್‌ಗೆ ಸೀಮಿತವಾಗುತ್ತದೆ. ಒಂದು ಎಚ್ಚರಿಕೆ: ಹಿಂದಿನಂತೆ ಬೇಕೆಂದರೆ ಒಂದೊಂದೇ ಪೋಸ್ಟ್ ತೆರೆದು ಬದಲಿಸಬೇಕು, ಒಟ್ಟಿಗೆ ಹಿಂದಕ್ಕೆ ಬರಲು ಆಗದು. ಪೋಸ್ಟ್‌ನಲ್ಲಿ ಯಾರನ್ನಾದರೂ ಟ್ಯಾಗ್ ಮಾಡಿದ್ದರೆ ಅವರ ಫ್ರೆಂಡ್ಸ್‌ಗೂ ಅದು ಕಾಣಬಹುದು ಎಂಬುದನ್ನೂ ಮರೆಯಬೇಡಿ.

ಫೇಸ್‌ಬುಕ್‌ನಲ್ಲಿ ನಾನು ಎಲ್ಲಕ್ಕಿಂತ ಮೊದಲು ಮುಚ್ಚಲು ಹೇಳುವುದು ಫೋನ್ ನಂಬರ್ ಮೂಲಕ ಹುಡುಕುವ ದಾರಿಯನ್ನು. 2021ರ ಏಪ್ರಿಲ್‌ನಲ್ಲಿ ಸುಮಾರು 53.3 ಕೋಟಿ ಫೇಸ್‌ಬುಕ್ ಬಳಕೆದಾರರ ಫೋನ್ ನಂಬರ್ ಮತ್ತು ಹೆಸರುಗಳು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗತೊಡಗಿದವು. ಅದಕ್ಕೆ ಯಾರೂ ಪಾಸ್‌ವರ್ಡ್ ಒಡೆಯಬೇಕಾಗಿರಲಿಲ್ಲ. ಫೋನ್‌ನಲ್ಲಿರುವ ನಂಬರ್ ಅಪ್‌ಲೋಡ್ ಮಾಡಿ ಸ್ನೇಹಿತರನ್ನು ಹುಡುಕುವ ಸೌಲಭ್ಯ ಇತ್ತಲ್ಲ, ಅದಕ್ಕೇ ಲೆಕ್ಕವಿಲ್ಲದಷ್ಟು ನಂಬರ್‌ಗಳನ್ನು ತುಂಬಿಸಿ, ಯಾವ ನಂಬರ್ ಯಾರದ್ದು ಎಂದು 2019ರ ಸೆಪ್ಟೆಂಬರ್‌ಗೆ ಮುಂಚೆಯೇ ಹೆಕ್ಕಿಕೊಂಡಿದ್ದರು. ಈ ಪ್ರಕರಣದಲ್ಲಿ ಐರ್ಲೆಂಡ್‌ನ ದತ್ತಾಂಶ ರಕ್ಷಣಾ ಆಯೋಗ 2022ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾಗೆ 26.5 ಕೋಟಿ ಯೂರೋ ದಂಡ ಹಾಕಿತು. ನಂಬರ್ ಪ್ರೊಫೈಲ್‌ನಲ್ಲಿ ಕಾಣುವುದು ಬೇರೆ, ನಂಬರ್ ಹಾಕಿ ಪ್ರೊಫೈಲ್ ಹುಡುಕುವುದು ಬೇರೆ. ಈ ಎರಡನ್ನೂ ಬೇರೆಬೇರೆಯಾಗಿ ಮುಚ್ಚಬೇಕು.

ಸೆಟ್ಟಿಂಗ್ಸ್‌ನಲ್ಲಿ ‘ಹೌ ಪೀಪಲ್ ಫೈಂಡ್ ಆ್ಯಂಡ್ ಕಾಂಟ್ಯಾಕ್ಟ್ ಯು’ ತೆರೆಯಿರಿ. ಫೋನ್ ನಂಬರ್ ಮತ್ತು ಇಮೇಲ್ ಮೂಲಕ ಹುಡುಕುವುದನ್ನು ‘ಓನ್ಲಿ ಮಿ’ಗೆ ಇಡಿ. ಫ್ರೆಂಡ್ ರಿಕ್ವೆಸ್ಟ್ ಕಳಿಸುವುದನ್ನು ‘ಫ್ರೆಂಡ್ಸ್ ಆಫ್ ಫ್ರೆಂಡ್ಸ್’ಗೆ ಇಳಿಸಿ. ಸರ್ಚ್ ಎಂಜಿನ್‌ಗಳು ನಿಮ್ಮ ಪ್ರೊಫೈಲ್‌ಗೆ ಲಿಂಕ್ ಕೊಡುವುದನ್ನು ಆಫ್ ಮಾಡಿ. ಫ್ರೆಂಡ್ಸ್ ಪಟ್ಟಿಯನ್ನೂ ಮರೆಮಾಡಿ. ಆ ಪಟ್ಟಿ ತೆರೆದಿದ್ದರೆ ನಿಮ್ಮ ಫೋಟೊ ಮತ್ತು ಹೆಸರು ಕದ್ದು ನಕಲಿ ಅಕೌಂಟ್ ಮಾಡಿದವರಿಗೆ, ಯಾರಿಗೆ ರಿಕ್ವೆಸ್ಟ್ ಕಳಿಸಿ ಯಾರಲ್ಲಿ ದುಡ್ಡು ಕೇಳಬೇಕು ಎಂಬುದು ಸಿದ್ಧವಾಗಿ ಸಿಕ್ಕಂತೆ. ಹಾಗೆಯೇ, ಆಗಲೇ ಫ್ರೆಂಡ್ ಆಗಿರುವವರ ಹೆಸರಲ್ಲಿ ಎರಡನೇ ಅಕೌಂಟ್‌ನಿಂದ ರಿಕ್ವೆಸ್ಟ್ ಬಂದರೆ, ಅವರಿಗೆ ಫೋನ್ ಮಾಡಿ ಕೇಳುವವರೆಗೂ ಒಪ್ಪಬೇಡಿ.

ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಪ್ರೈವಸಿ. ಲಾಸ್ಟ್ ಸೀನ್, ಪ್ರೊಫೈಲ್ ಫೋಟೊ, ಅಬೌಟ್ ಮೂರನ್ನೂ ‘ಮೈ ಕಾಂಟ್ಯಾಕ್ಟ್ಸ್’ಗೆ ಇಡುವುದು ವಾಡಿಕೆ. ಆದರೆ ಇಲ್ಲಿ ಕಾಂಟ್ಯಾಕ್ಟ್ ಎಂದರೆ ನಿಮ್ಮ ಫೋನ್‌ನಲ್ಲಿ ಸೇವ್ ಆಗಿರುವ ಪ್ರತಿಯೊಂದು ನಂಬರ್. ಒಂದೇ ಸಲ ರಿಪೇರಿಗೆ ಬಂದವರು, ಸಾಮಾನು ತಲುಪಿಸಿದವರು, ಮನೆ ನೋಡಲು ಕರೆಮಾಡಿದವರು, ಎಲ್ಲರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಆದ್ದರಿಂದ ವಾಟ್ಸ್‌ಆ್ಯಪ್ ಪ್ರೈವಸಿಯ ಅರ್ಧ ಕೆಲಸ ಫೋನ್‌ಬುಕ್‌ನಲ್ಲಿದೆ. ಬೇಡದ ನಂಬರ್ ಅಳಿಸಿ, ಅಳಿಸಲಾಗದವರಿದ್ದರೆ ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ನಲ್ಲಿ ಅವರನ್ನು ಗುರುತಿಸಿ. ಲಾಸ್ಟ್ ಸೀನ್ ಮರೆಸಿದರೆ ಬೇರೆಯವರದ್ದೂ ನಿಮಗೆ ಕಾಣುವುದಿಲ್ಲ. ಮೆಸೇಜ್ ಓದಿದ್ದನ್ನು ತಿಳಿಸುವ ರೀಡ್ ರಿಸೀಟ್ ಆಫ್ ಮಾಡಿದರೂ ಅಷ್ಟೇ, ಮತ್ತು ಗುಂಪುಗಳಲ್ಲಿ ಅದು ಆಫ್ ಆಗುವುದೇ ಇಲ್ಲ. ಸ್ಟೇಟಸ್‌ನ ಆಡಿಯನ್ಸ್ ಬದಲಿಸಿದರೆ ಅದು ಮುಂದಿನ ಸ್ಟೇಟಸ್‌ಗೆ ಅನ್ವಯ, ಆಗಲೇ ಹಾಕಿದ್ದಕ್ಕಲ್ಲ.

‘ಗ್ರೂಪ್ಸ್’ ಆಯ್ಕೆಯನ್ನು ‘ಎವ್ರಿವನ್’ನಿಂದ ತೆಗೆಯಲೇಬೇಕು. ಷೇರು ಸಲಹೆ, ಮನೆಯಿಂದಲೇ ಕೆಲಸ ಎಂಬ ಮೋಸದ ಗುಂಪುಗಳಿಗೆ ಜನರನ್ನು ಎಳೆದುಹಾಕುವುದು ಈ ದಾರಿಯಿಂದಲೇ. ಬದಲಿಸಿದ ಮೇಲೆ ಅನುಮತಿ ಇಲ್ಲದವರು ನಿಮಗೆ ಆಹ್ವಾನವನ್ನಷ್ಟೇ ಕಳಿಸಬಹುದು, ಅದು ಮೂರು ದಿನಕ್ಕೆ ತಾನೇ ಮುಗಿಯುತ್ತದೆ. ಅಪರಿಚಿತ ಕರೆಗಳನ್ನು ಸದ್ದಿಲ್ಲದಂತೆ ಮಾಡುವ ಆಯ್ಕೆಯೂ ಅದೇ ಪುಟದ ‘ಕಾಲ್ಸ್’ನಲ್ಲಿದೆ.

ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಒಂದು ವಿಷಯ ತಿಳಿದಿರಲಿ. 2024ರ ನವೆಂಬರ್‌ನಿಂದ ಅಲ್ಲಿ ಬ್ಲಾಕ್ ಆದವರು ಕೂಡ ನಿಮ್ಮ ಪಬ್ಲಿಕ್ ಪೋಸ್ಟ್ ಓದಬಹುದು, ಉತ್ತರಿಸಲು ಮಾತ್ರ ಆಗದು. ಅವರ ಕಣ್ಣಿಗೇ ಬೀಳಬಾರದು ಎಂದರೆ ‘ಪ್ರೈವಸಿ ಆ್ಯಂಡ್ ಸೇಫ್ಟಿ’ಯ ಒಳಗೆ ‘ಪ್ರೊಟೆಕ್ಟ್ ಯುವರ್ ಪೋಸ್ಟ್ಸ್’ ಆನ್ ಮಾಡಬೇಕು. ಆಮೇಲೆ ನಿಮ್ಮನ್ನು ಫಾಲೋ ಮಾಡದವರಿಗೆ ನೀವು ಬರೆದ ಉತ್ತರ ಅವರಿಗೆ ಕಾಣುವುದಿಲ್ಲ. ದೂರು ಹೇಳಲು ಯಾವುದಾದರೂ ಸಂಸ್ಥೆಯ ಖಾತೆಗೆ ಬರೆದು ಉತ್ತರಕ್ಕೆ ಕಾಯುವವರು ಇದನ್ನು ನೆನಪಿಡಬೇಕು. ಟೆಲಿಗ್ರಾಮ್‌ನಲ್ಲಿ ಫೋನ್ ನಂಬರ್ ಯಾರಿಗೆ ಕಾಣಬೇಕು ಎಂಬುದನ್ನು ‘ನೋಬಡಿ’ಗೆ ಇಟ್ಟರೆ, ನಂಬರ್ ಮೂಲಕ ಯಾರು ಹುಡುಕಬಹುದು ಎಂಬ ಎರಡನೇ ಪ್ರಶ್ನೆ ಬರುತ್ತದೆ. ಅದನ್ನೂ ಬದಲಿಸಿ. ಸ್ನ್ಯಾಪ್‌ಚಾಟ್ ಇದ್ದರೆ ಮ್ಯಾಪ್‌ನಲ್ಲಿ ನೀವಿರುವ ಜಾಗ ಮರೆಸುವ ಗೋಸ್ಟ್ ಮೋಡ್ ಆನ್ ಮಾಡಿ.

ಮಕ್ಕಳ ಅಕೌಂಟ್ ವಿಚಾರ. 2024ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ಟೀನ್ ಅಕೌಂಟ್ ತಂದಿತು. 18ಕ್ಕಿಂತ ಕಿರಿಯರ ಅಕೌಂಟ್ ತಾನಾಗಿ ಪ್ರೈವೇಟ್ ಆಗಿರುತ್ತದೆ, 16ಕ್ಕಿಂತ ಕಿರಿಯರು ಅದನ್ನು ಸಡಿಲಿಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಇದೆಲ್ಲ ನಿಲ್ಲುವುದು ಹುಟ್ಟಿದ ವರ್ಷದ ಮೇಲೆ. ಅಕೌಂಟ್ ತೆರೆಯುವಾಗ ವಯಸ್ಸು ಹೆಚ್ಚು ಹೇಳಿದ್ದರೆ ಈ ರಕ್ಷಣೆ ಆ ಮಗುವಿಗೆ ಸಿಗದೇ ಹೋಗಬಹುದು. ಮಗುವಿನ ಪಕ್ಕ ಕೂತು, ಅದರ ಕೈಯಲ್ಲೇ ಫೋನ್ ಇಟ್ಟು, ಹುಟ್ಟಿದ ದಿನಾಂಕ ಏನಿದೆ ಎಂದು ಒಮ್ಮೆ ನೋಡಿ.

ಆ್ಯಪ್‌ನ ಒಳಗಿನ ಸೆಟ್ಟಿಂಗ್ ಎಷ್ಟು ಬಿಗಿ ಮಾಡಿದರೂ ಫೋನ್ ಕೊಟ್ಟ ಪರ್ಮಿಷನ್ ಹಾಗೇ ಉಳಿದಿರುತ್ತದೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಹೆಸರು ತೆರೆದು ಕಾಂಟ್ಯಾಕ್ಟ್ಸ್ ಅನುಮತಿ ತೆಗೆಯಿರಿ. ‘ನಿಮಗೆ ಪರಿಚಯವಿರಬಹುದು’ ಎಂದು ತೋರಿಸುವ ಪಟ್ಟಿಗಳಿಗೆ ಇದೂ ಒಂದು ಮೂಲ. ವಾಟ್ಸ್‌ಆ್ಯಪ್‌ಗೆ ಮಾತ್ರ ಈ ಅನುಮತಿ ಬಿಡಿ, ತೆಗೆದರೆ ಹೆಸರಿನ ಬದಲು ನಂಬರ್ ಕಾಣತೊಡಗುತ್ತದೆ. ಲೊಕೇಶನ್ ಬೇಕಿದ್ದರೆ ಆ್ಯಪ್ ಬಳಸುವಾಗ ಮಾತ್ರ, ಅದರಲ್ಲೂ ನಿಖರ ಜಾಗ ಕೊಡುವುದನ್ನು ಆಫ್ ಮಾಡಿ. ಐಒಎಸ್ 14 ಮತ್ತು ಆಂಡ್ರಾಯ್ಡ್ 14ರಿಂದ ಇಡೀ ಗ್ಯಾಲರಿಯ ಬದಲು ಆಯ್ದ ಫೋಟೊಗಳನ್ನಷ್ಟೇ ಕೊಡಬಹುದು. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದು ತೆಗೆದ ಜಾಗದ ಮಾಹಿತಿಯೂ ಫೈಲ್ ಜೊತೆ ಹೋಗಬಹುದು. ಮಾಮೂಲಿ ಫೋಟೊ ಆಗಿ ಕಳಿಸುವುದೇ ವಾಸಿ.

ಬೇರೆಯವರ ಕೈಯಲ್ಲಿ ನಿಮ್ಮ ಲಾಗಿನ್ ಇದ್ದರೆ ಮೇಲಿನದೆಲ್ಲ ವ್ಯರ್ಥ. ಲಾಗಿನ್ ಆಗಿರುವ ಸಾಧನಗಳ ಪಟ್ಟಿ, ವಾಟ್ಸ್‌ಆ್ಯಪ್‌ನಲ್ಲಾದರೆ ‘ಲಿಂಕ್ಡ್ ಡಿವೈಸಸ್’, ತೆರೆದು ಗುರುತಿಲ್ಲದ್ದನ್ನು ಲಾಗೌಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ. ಎಸ್‌ಎಂಎಸ್‌ಗಿಂತ ಫೋನ್‌ನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಮೇಲು, ಸಿಮ್ ಬೇರೆಯವರ ಪಾಲಾದರೆ ಎಸ್‌ಎಂಎಸ್ ಕೂಡ ಅವರಿಗೇ ಹೋಗುತ್ತದೆ. ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ‘ನಿಮ್ಮ ಪ್ರೊಫೈಲ್ ಯಾರು ನೋಡಿದರು ತಿಳಿಯಿರಿ’ ಎನ್ನುವ ಆ್ಯಪ್‌ಗೆ ಎಂದಾದರೂ ಪಾಸ್‌ವರ್ಡ್ ಕೊಟ್ಟಿದ್ದರೆ ಇವತ್ತೇ ಅದನ್ನು ಬದಲಿಸಿ. ಇನ್‌ಸ್ಟಾಗ್ರಾಮ್ ಆಗಲಿ ಫೇಸ್‌ಬುಕ್ ಆಗಲಿ ಪ್ರೊಫೈಲ್ ನೋಡಿದವರ ಪಟ್ಟಿಯನ್ನು ಯಾರಿಗೂ ಕೊಡುವುದಿಲ್ಲ. ಆ ಆ್ಯಪ್‌ಗಳಿಗೆ ಬೇಕಿರುವುದು ನಿಮ್ಮ ಲಾಗಿನ್.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು, ಲಾಗಿನ್ ಆಗದೆ ನಿಮ್ಮ ಪ್ರೊಫೈಲ್ ವಿಳಾಸ ಹಾಕಿ ನೋಡಿ. ಫೇಸ್‌ಬುಕ್‌ನಲ್ಲಿ ‘ವ್ಯೂ ಆ್ಯಸ್’ ಇದ್ದರೆ ಅದನ್ನೂ ಬಳಸಿ. ನಿಮ್ಮನ್ನು ಫಾಲೋ ಮಾಡದ ಸ್ನೇಹಿತರ ಫೋನ್‌ನಿಂದ ಹುಡುಕಿಸಿ, ಅವರಿಗೆ ಕಂಡದ್ದನ್ನೆಲ್ಲ ಜೋರಾಗಿ ಓದಲು ಹೇಳಿ. ಆಮೇಲೆ ಗೂಗಲ್‌ನಲ್ಲಿ ನಿಮ್ಮ ಹೆಸರು ಮತ್ತು ಯೂಸರ್‌ನೇಮ್ ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಅಕೌಂಟ್ ಪಬ್ಲಿಕ್ ಇದ್ದಾಗಿನ ತುಣುಕುಗಳು ಅಲ್ಲಿ ಇನ್ನೂ ಉಳಿದಿರಬಹುದು. ಮೂಲ ಪುಟ ಈಗ ತೆರೆಯದಿದ್ದರೆ, ಹಳತಾದ ಫಲಿತಾಂಶ ತೆಗೆಸಲು ಗೂಗಲ್‌ನದೇ ಒಂದು ಫಾರ್ಮ್ ಇದೆ, ಹೆಸರು ‘ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್’. ಆ ಪುಟದ ವಿಳಾಸವನ್ನು ಅಲ್ಲಿ ಅಂಟಿಸಿ ಸಲ್ಲಿಸಿ, ಕೆಲವು ದಿನ ಬಿಟ್ಟು ಮತ್ತೊಮ್ಮೆ ಹುಡುಕಿ ನೋಡಿ.