ವನ್ಯಜೀವಿ ಸಂಶೋಧನೆಗೆ ಝೂವಾಲಜಿ ಓದಿರಲೇಬೇಕಾ?

ಕಾಲೇಜುಗಳಲ್ಲಿ ಮಾತಾಡಲು ಹೋದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: "ನಾನೂ ಕಾಡುಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡಬೇಕು. ಆದರೆ ಡಿಗ್ರಿಯಲ್ಲಿ ಝೂವಾಲಜಿ ಇಲ್ಲ. ಆಗುತ್ತಾ?"

ಖಂಡಿತ ಆಗುತ್ತದೆ. ನಾಗರಹೊಳೆಯ ಹುಲಿಗಳ ಅಧ್ಯಯನಕ್ಕೆ ಹೆಸರಾದ ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ 2004ರಲ್ಲಿ ಶುರುವಾದ ವನ್ಯಜೀವಿ ಎಂಎಸ್ಸಿಗೆ ಬೇರೆ ಬೇರೆ ವಿಷಯ ಓದಿದವರು ಬಂದಿದ್ದಾರೆ. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಎಂಎಸ್ಸಿ ಇದೆ. ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ವಿಭಾಗವಿದೆ. ಕೆಲವು ಕಡೆ ಪ್ರತಿವರ್ಷ ಪ್ರವೇಶ ಇರುವುದಿಲ್ಲ. ಅದಕ್ಕೇ ಡಿಗ್ರಿ ಮುಗಿಯುವ ಮೊದಲೇ ವಿಚಾರಿಸಿಕೊಳ್ಳಿ.

ನನ್ನನ್ನು ಕೇಳಿದರೆ, ಡಿಗ್ರಿಗಿಂತ ಜಾಸ್ತಿ ಬೇಕಾಗುವುದು ಲೆಕ್ಕ. ಹುಲಿಯನ್ನೇ ತಗೊಳ್ಳಿ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮೈ ಪಟ್ಟೆಗೂ ಬಲಮೈ ಪಟ್ಟೆಗೂ ಹೋಲಿಕೆ ಇರುವುದಿಲ್ಲ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತೇವೆ. ಫೋಟೋ ಸಿಕ್ಕ ಹುಲಿಗಳನ್ನು ಯಾರು ಬೇಕಾದರೂ ಎಣಿಸಬಹುದು. ಕ್ಯಾಮೆರಾ ಮುಂದೆ ಬರದೇ ಹೋದವು ಎಷ್ಟಿರಬಹುದು? ಸಿಕ್ಕ ಹುಲಿಗಳೇ ಮತ್ತೆ ಮತ್ತೆ ಎಷ್ಟು ಸಲ ಸಿಕ್ಕವು ಅನ್ನುವುದರಿಂದ ಅದನ್ನು ಅಂದಾಜು ಮಾಡಬೇಕು. ಅದಕ್ಕೆ ಸಂಖ್ಯಾಶಾಸ್ತ್ರ ಬರಲೇಬೇಕು. ಅದು ತಪ್ಪಿದರೆ ಕಾಡಿನ ಬಗ್ಗೆ ತೆಗೆದುಕೊಳ್ಳುವ ತೀರ್ಮಾನವೂ ತಪ್ಪುತ್ತದೆ. ಎಂಎಸ್ಸಿ ಸೇರುವವರು ಎಷ್ಟೋ ಸಲ ಇದನ್ನೇ ಕಡೆಗಣಿಸುತ್ತಾರೆ, ನನಗೆ ಬೇಜಾರಾಗುವುದೂ ಅಲ್ಲೇ.

ಇನ್ನೊಂದು, ಸುಮ್ನೆ ಕೂತು ನೋಡುವ ತಾಳ್ಮೆ. ಉತ್ತರ ಕನ್ನಡದ ಕತ್ತಲೆಕಾನು ಎಂಬ ಕಾಡಿನ ತೊರೆಗಳಲ್ಲಿ ಕುಂಬಾರ ಕಪ್ಪೆ ಇದೆ. ಮೊಟ್ಟೆ ಇಟ್ಟಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತದೆ. ವಿಜ್ಞಾನ ಇದಕ್ಕೆ ಹೆಸರಿಟ್ಟಿದ್ದು 2014ರಲ್ಲಿ, ಅಷ್ಟು ಈಚೆಗೆ! ಇದೆಲ್ಲ ನಡೆಯುವುದು ರಾತ್ರಿ, ತೊರೆಯ ನೀರಿನ ಪಕ್ಕ. ಹೋಗಿ ಕೂತವರಿಗಷ್ಟೇ ಕಾಣುತ್ತದೆ.

ಹುಲಿಯೇ ಆಗಬೇಕು ಅಂತ ಹಟ ಹಿಡಿಯಬೇಡಿ. ರಕ್ಷಿತಾರಣ್ಯದೊಳಗೆ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ಕಾಯಬೇಕಾಗುತ್ತದೆ. ನಿಮ್ಮೂರ ಕೆರೆಗೆ, ತೋಟದ ಹಕ್ಕಿಗೆ ಅಷ್ಟೆಲ್ಲ ಬೇಕಾಗುವುದಿಲ್ಲ. ದೂರ ನಿಂತು ನೋಡಿ, ತಾರೀಕು ಹಾಕಿ ಬರೆದಿಟ್ಟರಾಯ್ತು. ಕಳೆದ ಬೇಸಿಗೆಯಲ್ಲಿದ್ದ ಹಕ್ಕಿ ಈ ಸಲ ಯಾಕಿಲ್ಲ ಅನ್ನೋದು ಒಳ್ಳೆಯ ಸಂಶೋಧನೆಯ ಪ್ರಶ್ನೆಯೇ ಅಲ್ವಾ?

ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯಬೇಡಿ. ಸಂಶೋಧನಾ ಪ್ರಬಂಧ ಓದುತ್ತಾ ಓದುತ್ತಾ ಇಂಗ್ಲಿಷ್ ಬರುತ್ತದೆ. ಸೋಲಿಗರ ಜೊತೆ, ಜೇನುಕುರುಬರ ಜೊತೆ ಕೂತು ಮಾತಾಡಿಸಲು ನಿಮ್ಮ ಕನ್ನಡವೇ ಬೇಕು.

ಇಂಟರ್ನ್‌ಶಿಪ್ ಕೇಳಿ ಯಾರಿಗಾದರೂ ಪತ್ರ ಬರೆಯುವಾಗ "ನನಗೆ ಪ್ರಾಣಿಗಳೆಂದರೆ ಇಷ್ಟ" ಅಂತಷ್ಟೇ ಬರೆದು ನಿಲ್ಲಿಸಬೇಡಿ. ಅವರ ಒಂದು ಕೆಲಸವನ್ನಾದರೂ ಓದಿ. ನೀವು ಏನು ನೋಡಿದಿರಿ, ಅದರಲ್ಲಿ ಏನು ಅರ್ಥವಾಗಲಿಲ್ಲ ಅನ್ನುವುದನ್ನು ನಾಲ್ಕು ಸಾಲಲ್ಲಿ ಬರೆಯಿರಿ.