ಹಸ್ತಾಂತರದ ಪುಸ್ತಕ

ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯ ಕಚೇರಿಗೆ ನಾನು ಮೊದಲು ಹೋದದ್ದು ಕರಡು ತಿದ್ದುವ ಕೆಲಸಕ್ಕೆ. ಅಂತಿಮ ವರ್ಷದಲ್ಲಿದ್ದ ಸುದ್ದಿ ಸಂಪಾದಕಿ ನನ್ನ ಕೈಗೆ ನಾಲ್ಕು ಪುಟಗಳ ಪ್ರೂಫನ್ನೂ ಒಂದು ಕೆಂಪು ಪೆನ್ನನ್ನೂ ಕೊಟ್ಟು, "ಕಾಗುಣಿತ ಆಮೇಲೆ ನೋಡು; ಮೊದಲು ಹೆಸರು, ಸಂಖ್ಯೆ, ದಿನಾಂಕಗಳನ್ನು ವರದಿಗಾರರ ಟಿಪ್ಪಣಿಯೊಂದಿಗೆ ತಾಳೆ ಹಾಕು" ಎಂದರು. ಕೆಲಸ ಮುಗಿದ ಮೇಲೆ ಬೀರುವಿನಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆದು ತೋರಿಸಿದರು. ಪ್ರತಿ ವರ್ಷ ಹೊರಹೋಗುವ ಸಂಪಾದಕ ಮಂಡಳಿಯವರು ಒಳಬರುವವರಿಗಾಗಿ ಬರೆದಿಟ್ಟ ಮಾತುಗಳು ಅದರಲ್ಲಿದ್ದವು: ಮುದ್ರಣಾಲಯಕ್ಕೆ ಪುಟಗಳು ಎಷ್ಟು ಹೊತ್ತಿಗೆ ತಲುಪಬೇಕು, ಯಾವ ಜಾಹೀರಾತಿನ ಹಣ ಬಾಕಿ ಇದೆ, ಯಾವ ವಿಭಾಗದಲ್ಲಿ ಕೇಳಿದರೆ ದಾಖಲೆ ಸಿಗುತ್ತದೆ, ಹೋದ ವರ್ಷ ಎಲ್ಲಿ ಎಡವಿದೆವು. ನಾವು ಅದನ್ನು ಹಸ್ತಾಂತರದ ಪುಸ್ತಕ ಎಂದು ಕರೆಯುತ್ತಿದ್ದೆವು.

ಇಂಥದೊಂದು ಪುಸ್ತಕ ಏಕೆ ಬೇಕಾಯಿತೆಂಬುದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ವಿದ್ಯಾರ್ಥಿ ಪತ್ರಿಕೆಯಲ್ಲಿ ಕೆಲಸ ಮಾಡುವವರೆಲ್ಲರೂ ಮೂರು ನಾಲ್ಕು ವರ್ಷಗಳೊಳಗೆ ಪದವಿ ಮುಗಿಸಿ ಹೊರಟುಹೋಗುತ್ತಾರೆ. ಕೆಲಸ ಕೈಗೆ ಹತ್ತುವ ಹೊತ್ತಿಗೆ ಕುರ್ಚಿ ಬಿಡುವ ದಿನ ಬಂದಿರುತ್ತದೆ. ಹೀಗಿದ್ದೂ ಶತಮಾನ ದಾಟಿದ ವಿದ್ಯಾರ್ಥಿ ಪತ್ರಿಕೆಗಳು ಜಗತ್ತಿನಲ್ಲಿವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1873ರಲ್ಲಿ 'ಮೆಜೆಂಟಾ' ಎಂಬ ಹೆಸರಿನಲ್ಲಿ ಆರಂಭಿಸಿದ ಪತ್ರಿಕೆ ಎರಡು ವರ್ಷಗಳ ನಂತರ 'ಕ್ರಿಮ್ಸನ್' ಆಗಿ, ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲೇ ನಡೆಯುತ್ತಿದೆ. 'ಯೇಲ್ ಡೈಲಿ ನ್ಯೂಸ್' 1878ರ ಜನವರಿಯಲ್ಲಿ ಹುಟ್ಟಿತು. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ 'ದಿ ಸ್ಟೂಡೆಂಟ್' 1887ರದ್ದು, ಆಕ್ಸ್‌ಫರ್ಡಿನ 'ಚರ್ವೆಲ್' 1920ರದ್ದು. ಇವುಗಳ ಇತಿಹಾಸವನ್ನು ಓದುವಾಗಲೆಲ್ಲ ನನ್ನ ಮನಸ್ಸು ಪ್ರಸಿದ್ಧರಾದ ಸಂಪಾದಕರ ಕಡೆಗಿಂತ, ಹೆಸರು ಉಳಿಯದ ಆದರೆ ಮುಂದಿನವರಿಗೆ ಕೆಲಸವನ್ನು ಸರಿಯಾಗಿ ಕಲಿಸಿ ಹೋದ ಉಪಸಂಪಾದಕರ ಕಡೆಗೇ ಹರಿಯುತ್ತದೆ.

ನಮ್ಮದು ವಾರಪತ್ರಿಕೆ. ಸಂಚಿಕೆ ಹೊರಬಂದ ಮರುದಿನ ಸಂಜೆ ಎಲ್ಲರೂ ಸೇರಿ ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ವಿಮರ್ಶಿಸಿ, ಅಲ್ಲೇ ಮುಂದಿನ ವಾರದ ವರದಿಗಳನ್ನು ಹಂಚಿಕೊಳ್ಳುತ್ತಿದ್ದೆವು: ಒಬ್ಬರಿಗೆ ಪರೀಕ್ಷಾ ವಿಭಾಗ, ಒಬ್ಬರಿಗೆ ವಿದ್ಯಾರ್ಥಿ ಸಂಘ, ಇನ್ನೊಬ್ಬರಿಗೆ ಹಾಸ್ಟೆಲುಗಳು ಮತ್ತು ಗ್ರಂಥಾಲಯ. ವರದಿ ಬಂದ ಮೇಲೆ ಅದನ್ನು ಬರೆಯದ ಇಬ್ಬರು ಓದಲೇಬೇಕೆಂಬುದು ನಿಯಮ. ಜಾಹೀರಾತು ಎಷ್ಟು ಬಂದಿದೆ ಎಂಬುದರ ಮೇಲೆ ಪುಟಗಳ ಸಂಖ್ಯೆ ನಿರ್ಧಾರವಾಗುತ್ತಿತ್ತು. ಆಮೇಲೆ ಡಮ್ಮಿ ಹಾಳೆಯ ಮೇಲೆ ಪೆನ್ಸಿಲಿನಿಂದ ಜಾಗ ಗುರುತಿಸಿ, ಕಂಪ್ಯೂಟರಿನಲ್ಲಿ ಪುಟ ಕಟ್ಟಿ, ಶೀರ್ಷಿಕೆಗಳನ್ನು ಕೊನೆಗೆ ಬರೆಯುತ್ತಿದ್ದೆವು. ಆ ಶೀರ್ಷಿಕೆ ಬರೆಯುವ ರಾತ್ರಿಗಳು ನನಗೆ ಬಹಳ ಪ್ರಿಯವಾಗಿದ್ದವು. ನಾಲ್ಕು ಪದಗಳ ಜಾಗದಲ್ಲಿ ಸುದ್ದಿಯ ಸತ್ಯ ಕೆಡದಂತೆ ಹೇಳುವುದು ಎಷ್ಟು ಕಷ್ಟವೆಂಬುದನ್ನು ಯಾವ ತರಗತಿಯೂ ನನಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ಆ ಕಷ್ಟವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಎರಡನೆಯ ವರ್ಷದಲ್ಲಿ ಪರೀಕ್ಷಾ ಶುಲ್ಕ ಹೆಚ್ಚಿಸುವ ಪ್ರಸ್ತಾವವೊಂದು ಸಮಿತಿಯ ಮುಂದೆ ಬಂದಾಗ, ಅದು ಚರ್ಚೆಗೆ ಬಂದಿದೆಯಷ್ಟೇ ಎಂದು ಬರೆಯಬೇಕಾದಲ್ಲಿ ಅಂಗೀಕಾರವಾಗಿದೆ ಎಂದು ಬರೆದುಬಿಟ್ಟೆ. ಓದಿದ ಇಬ್ಬರೂ ನನ್ನ ಟಿಪ್ಪಣಿಯನ್ನು ನಂಬಿದರು. ಸಂಚಿಕೆ ಹಂಚಿಕೆಯಾದ ಬೆಳಿಗ್ಗೆಯೇ ಆತಂಕಗೊಂಡ ವಿದ್ಯಾರ್ಥಿಗಳು ಕಚೇರಿಯ ಬಾಗಿಲಿಗೆ ಬಂದರು. ಶುಲ್ಕ ಕಟ್ಟಲಾಗದೆ ಓದು ನಿಲ್ಲಿಸಬೇಕಾಗುವುದೇ ಎಂದು ಒಬ್ಬಳು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ಸಂಪಾದಕರು ನನ್ನನ್ನು ಗದರಲಿಲ್ಲ. ತಪ್ಪು ಅಚ್ಚಾದ ಮೊದಲ ಪುಟದಲ್ಲೇ, ಅಷ್ಟೇ ಕಣ್ಣಿಗೆ ಬೀಳುವಂತೆ, ಏನು ತಪ್ಪಾಗಿತ್ತು ಮತ್ತು ನಿಜ ಸಂಗತಿ ಏನು ಎಂದು ತಿದ್ದುಪಡಿ ಬರೆಯುವಂತೆ ಹೇಳಿದರು. ಒಳಪುಟದ ಮೂಲೆಯಲ್ಲಿ ಹಾಕೋಣವೇ ಎಂದು ನಾನು ಕೇಳಿದಾಗ, ಹಸ್ತಾಂತರದ ಪುಸ್ತಕವನ್ನು ತೆರೆದು, ಹಿಂದಿನ ಯಾವುದೋ ಮಂಡಳಿ ಬರೆದಿದ್ದ ಒಂದು ಸಾಲನ್ನು ಬೆರಳಿಟ್ಟು ತೋರಿಸಿದರು: ತಪ್ಪು ಎಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅಲ್ಲೇ. ಆ ನಿಯಮವನ್ನು ಮಾಡಿದವರು ಯಾರೆಂದು ನಮಗಾರಿಗೂ ತಿಳಿದಿರಲಿಲ್ಲ, ಆದರೂ ಅದು ನಮ್ಮನ್ನು ಬಂಧಿಸಿತ್ತು.

ಹಣದ ವಿಷಯ ಮತ್ತು ಸ್ವಾತಂತ್ರ್ಯದ ವಿಷಯ ಬೇರೆಬೇರೆಯಲ್ಲ. ಖರ್ಚನ್ನು ವಿಶ್ವವಿದ್ಯಾಲಯವೇ ಕೊಟ್ಟರೆ ಆಡಳಿತದ ವಿರುದ್ಧ ಬರೆಯುವಾಗ ಕೈ ತಡೆಯುತ್ತದೆ. ಜಾಹೀರಾತನ್ನೇ ನಂಬಿದರೆ ಪುಟಗಳು ಕುಗ್ಗುತ್ತವೆ. ಬರ್ಕ್ಲಿಯ 'ಡೈಲಿ ಕ್ಯಾಲಿಫೋರ್ನಿಯನ್' ಸಂಪಾದಕೀಯವೊಂದರಿಂದ ಎದ್ದ ವಿವಾದದ ನಂತರ 1971ರಲ್ಲಿ ವಿಶ್ವವಿದ್ಯಾಲಯದಿಂದ ಬೇರೆಯಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ 'ಸ್ಟ್ಯಾನ್‌ಫರ್ಡ್ ಡೈಲಿ'ಯ ಕಚೇರಿಯನ್ನು ಪೊಲೀಸರು ಶೋಧಿಸಿದರು. ಪ್ರತಿಭಟನೆಯೊಂದರಲ್ಲಿ ಪೊಲೀಸರಿಗೆ ಪೆಟ್ಟಾಗಿತ್ತು, ಹೊಡೆದವರ ಛಾಯಾಚಿತ್ರಗಳು ಪತ್ರಿಕೆಯ ಬಳಿ ಇರಬಹುದೆಂಬುದು ಕಾರಣ. ಸಿಕ್ಕಿದ್ದು ಆಗಲೇ ಪ್ರಕಟವಾಗಿದ್ದ ಚಿತ್ರಗಳು ಮಾತ್ರ. ಪತ್ರಿಕೆ ನ್ಯಾಯಾಲಯಕ್ಕೆ ಹೋಯಿತು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-3ರ ಬಹುಮತದಿಂದ ಪತ್ರಿಕೆಯ ವಿರುದ್ಧ ತೀರ್ಪು ಕೊಟ್ಟಿತಾದರೂ, 1980ರಲ್ಲಿ ಅಲ್ಲಿನ ಸಂಸತ್ತು ಸುದ್ದಿಮನೆಗಳ ಇಂಥ ಶೋಧವನ್ನು ಬಹುಮಟ್ಟಿಗೆ ನಿರ್ಬಂಧಿಸುವ ಕಾನೂನನ್ನು ತಂದಿತು. ಶೋಧದಿಂದ ತೀರ್ಪಿನವರೆಗಿನ ಏಳು ವರ್ಷಗಳಲ್ಲಿ ವಿದ್ಯಾರ್ಥಿಗಳ ಒಂದು ತಲೆಮಾರು ಪೂರ್ತಿ ಬದಲಾಗುತ್ತದೆ. ಶೋಧವನ್ನು ಕಣ್ಣಾರೆ ಕಾಣದವರು ಆ ಮೊಕದ್ದಮೆಯನ್ನು ತಮ್ಮದೆಂದು ತಿಳಿದು ಹೊತ್ತು ನಡೆದರಲ್ಲ, ನನಗೆ ಆ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ.

ನಾನು ಅಂತಿಮ ವರ್ಷದಲ್ಲಿ ಸುದ್ದಿ ಸಂಪಾದಕನಾಗಿದ್ದೆ. ಹೊರಡುವ ಮುನ್ನ ಹಸ್ತಾಂತರದ ಪುಸ್ತಕದಲ್ಲಿ ಮೂರು ಪುಟ ಬರೆದೆ. ಶುಲ್ಕದ ವರದಿಯ ತಪ್ಪು ಹೇಗಾಯಿತೆಂಬುದನ್ನು ನನ್ನ ಹೆಸರಿನೊಂದಿಗೇ ಸೇರಿಸಿದೆ. ಕೆಳಗೆ ಒಂದು ಸೂಚನೆಯನ್ನೂ ಬರೆದೆ: ಸಮಿತಿಯ ನಿರ್ಣಯವನ್ನು ವರದಿ ಮಾಡುವಾಗ ಓದುವ ಇಬ್ಬರಲ್ಲಿ ಒಬ್ಬರು ಟಿಪ್ಪಣಿಯನ್ನು ಬಿಟ್ಟು ಮೂಲ ನಡಾವಳಿಯನ್ನೇ ನೋಡಬೇಕು.

ಕಳೆದ ಬಾರಿ ಕಚೇರಿಗೆ ಹೋದಾಗ ಈಗಿನ ಸಂಪಾದಕ ಮಂಡಳಿಯವರು ಹಳೆಯ ಸಂಚಿಕೆಗಳನ್ನು ಸಂಪುಟಗಳಾಗಿ ಹೊಲಿಸುತ್ತಿದ್ದರು. ನಮಗಿಂತ ಹಿಂದಿನ ಕೆಲವು ವರ್ಷಗಳ ಸಂಚಿಕೆಗಳು ಅಲ್ಲಲ್ಲಿ ಇಲ್ಲ. ಇದನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಬಳಿಯಾದರೂ ಪ್ರತಿಗಳಿದ್ದರೆ, ಹರಿದಿದ್ದರೂ ಪರವಾಗಿಲ್ಲ, ಪತ್ರಿಕೆಯ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇನೆ; ಪ್ರತಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲದವರು ಒಂದು ದಿನದ ಮಟ್ಟಿಗೆ ಕೊಟ್ಟರೂ ಸ್ಕ್ಯಾನ್ ಮಾಡಿ ಹಿಂದಿರುಗಿಸುವುದಾಗಿ ಅವರು ಹೇಳಿದ್ದಾರೆ.